ಮೂಗಿನಿಂದ ಹಾಕಿದ ಉಪ್ಪು

“ಚಿದಂಬರಯ್ಯನವರು ಸೌತ್ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಪಕ್ಕದ ಫಿಲಿಪಿನೋ ಮನೆಗೆ ಹೋಗಿ, ಏನೆಂದು ತಿಳಿಯದೆ ಎತ್ತಿನ ಬಾಲದ ಹುಳಿ ತಿಂದರು, ತಿಂದದ್ದಲ್ಲದೆ, ಶೇಂಗಾ ಗೊಜ್ಜು ಬಹಳ ಚೆನ್ನಾಗಿದೆ ಎಂದು ಇನ್ನೊಮ್ಮೆ ಬಡಿಸಿಕೊಂಡರು.”

ಬೇ ಏರಿಯಾದ ಕನ್ನಡಿಗರಲ್ಲಿ ನನ್ನನ್ನು ಕುರಿತು ಪ್ರಚಲಿತವಾಗಿರುವ ಕಥೆ ಇದು. ಇದಕ್ಕೆ ಪಾಠಾಂತರಗಳೂ ಉಂಟು. ಪ್ಲೆಸೆಂಟನ್ನಿನ ಪಾಠದಲ್ಲಿ ನಾನು ತಿಂದದ್ದು ಒಂದೇ ಬಟ್ಟಲು. ಮೌಂಟನ್ ವ್ಯೂ ಪಾಠದಲ್ಲಿ ಎರಡು. ಕಥೆ ಫ್ರೀವೇ ಹಿಡಿದು ಇನ್ನೂ ದಕ್ಷಿಣಕ್ಕೆ ಇಳಿಯುವಷ್ಟರಲ್ಲಿ ನಾನು ಮೂಳೆ ಚೀಪಿದ್ದೂ ಸೇರಿಕೊಂಡಿದೆ. ಹೇಳುವವರೆಲ್ಲರೂ ವಿದ್ಯಾವಂತರು, ಎಂಜಿನಿಯರುಗಳು, ಡಾಕ್ಟರುಗಳು. ಪ್ರಯೋಗಾಲಯದಲ್ಲಿ ಒಂದು ಹನಿ ನೀರನ್ನು ನಂಬಬೇಕಾದರೂ ಹತ್ತು ಸಲ ಪರೀಕ್ಷೆ ಮಾಡುವ ಈ ಜನ, ಒಬ್ಬ ಮುದುಕನ ಹೊಟ್ಟೆಯೊಳಗೆ ಏನು ಹೋಯಿತು ಎಂಬ ವಿಷಯದಲ್ಲಿ ಮಾತ್ರ ಯಾವ ಪರೀಕ್ಷೆಯನ್ನೂ ಬಯಸಲಿಲ್ಲ. ಪರಿಣಾಮವಾಗಿ, ನಮ್ಮ ಕನ್ನಡ ಬಳಗದ ಗಣೇಶನ ಹಬ್ಬದಲ್ಲಿ ಕೋಸಂಬರಿ ಕಲಸುತ್ತಿದ್ದ ನನ್ನನ್ನು ಬಹಳ ಮರ್ಯಾದೆಯಿಂದ ಬಾಗಿಲ ಬಳಿ ಚಪ್ಪಲಿ ಸಾಲಾಗಿಡಿಸುವ ಕೆಲಸಕ್ಕೆ ವರ್ಗಾಯಿಸಲಾಯಿತು. “ವಯಸ್ಸಾದವರು, ಕೂತು ಮಾಡುವ ಕೆಲಸ ಇರಲಿ ಅಂತ” ಎಂದರು.

ನನ್ನ ಮಗಳು ವಿಮಲಾ ಹೇಳುವುದು, “ಅಪ್ಪಾ, ನೀವು ಸುಮ್ಮನಿದ್ದರೆ ಜನ ತಾವಾಗಿ ಮರೀತಾರೆ.” ಸುಮ್ಮನಿರುವುದು ನನ್ನ ಜಾಯಮಾನವಲ್ಲ. ಚಳ್ಳಕೆರೆಯ ಒಂದು ಎಣ್ಣೆ ಮಿಲ್ಲಿನಲ್ಲಿ ಗುಮಾಸ್ತನಾಗಿ ತಲೆ ನರೆಸಿಕೊಂಡವನು ನಾನು. ಶಾಲೆ ನನ್ನನ್ನು ಬೇಗ ಬಿಟ್ಟಿತು. ಓದನ್ನು ನಾನು ಬಿಡಲಿಲ್ಲ. ವಾಚನಾಲಯದ ಕಪಾಟುಗಳನ್ನು ಗೆದ್ದಲಿಗಿಂತ ಮೊದಲು ಓದಿ ಮುಗಿಸಬೇಕೆಂಬ ಹಟದಲ್ಲಿ ಕಲಿತವನಾದ್ದರಿಂದ, ಕೇಳಿದ್ದನ್ನೆಲ್ಲ ನಂಬುವ ಸೌಲಭ್ಯ ನನಗೆ ದೊರೆಯಲಿಲ್ಲ. ಊರಿನ ಕೋಟೆಯನ್ನು ಯಾರು ಕಟ್ಟಿಸಿದರೆಂದು ಗೈಡು ಹೇಳಿದರೆ ನಾನು ಕಲ್ಲನ್ನು ಮುಟ್ಟಿ ನೋಡುತ್ತೇನೆ. ನನ್ನ ಹೆಂಡತಿ ಬದುಕಿದ್ದಾಗ, “ಇವರಿಗೆ ಕಾಫಿ ಬಿಸಿ ಇದೆ ಅಂದರೂ ಸಾಕ್ಷಿ ಬೇಕು” ಎನ್ನುತ್ತಿದ್ದಳು. ನಾಲಿಗೆ ಸುಟ್ಟುಕೊಂಡ ಮೇಲೆ, ಸಾಕ್ಷಿ ಸಿಕ್ಕಿತು ಎಂದು ನಾನು ಹೇಳುತ್ತಿದ್ದುದೂ ನಿಜ. ಇಂಥವನ ವಿಷಯದಲ್ಲಿಯೇ ಒಂದು ಸುಳ್ಳು ನೆಲೆನಿಲ್ಲುವುದೆಂದರೆ ಸಹಿಸುವುದು ಹೇಗೆ? ನಡೆದದ್ದನ್ನು ನಡೆದ ಕ್ರಮದಲ್ಲಿ ನಿವೇದಿಸುತ್ತೇನೆ.

ನಮ್ಮ ಅಪಾರ್ಟ್‌ಮೆಂಟಿನ ಪಕ್ಕದ ಮನೆಯಲ್ಲಿ ರೊಸಾರಿಯೋ ಎಂಬ ಹೆಣ್ಣುಮಗಳು, ಅವಳ ಗಂಡ ಬೆನ್, ಆಗಿನ್ನೂ ಬೋರಲು ಬೀಳಲು ಕಲಿಯುತ್ತಿದ್ದ ಅವರ ಕೂಸು. ರೊಸಾರಿಯೋ ಆಸ್ಪತ್ರೆಯಲ್ಲಿ ನರ್ಸು. ನನ್ನನ್ನು ಆಕೆ ‘ಲೋಲೋ’ ಎಂದು ಕರೆಯುತ್ತಿದ್ದಳು. ಚಳ್ಳಕೆರೆಯಲ್ಲಿ ಯಾರಾದರೂ ನನ್ನನ್ನು ಒಂದು ಸಲ ‘ಲೋ’ ಎಂದಿದ್ದರೂ ಪಂಚಾಯಿತಿ ಸೇರುತ್ತಿತ್ತು. ಇವಳು ಒಂದೇ ಉಸಿರಿನಲ್ಲಿ ಎರಡು ಸಲ ಎನ್ನುತ್ತಿದ್ದಳು. ಅವರ ಭಾಷೆಯಲ್ಲಿ ಅದರ ಅರ್ಥ ತಾತ ಎಂದು ತಿಳಿದ ಮೇಲೆ, ಯಾರಾದರೂ ಲೋಲೋ ಎನ್ನದ ದಿನ ನನಗೇ ಏನೋ ಕಳೆದುಹೋದಂತೆ ಆಗತೊಡಗಿತು.

ಅವಳ ಹೆರಿಗೆ ರಜೆ ಮುಗಿಯುತ್ತ ಬಂದಿತ್ತು. ಅವಳ ಪಾಳಿಗಳಿಗೆ ಹೊಂದುವ ಡೇಕೇರು ಸಿಕ್ಕಿರಲಿಲ್ಲ. ಕೂಸನ್ನು ನೋಡಿಕೊಳ್ಳುವವರು ಇಲ್ಲದಿದ್ದರೆ ಕೆಲಸ ಬಿಡಬೇಕು. ಆ ಕೆಲಸಕ್ಕಾಗಿ ಸಮುದ್ರ ದಾಟಿ ಬಂದವಳು ಅವಳು. ಉಳಿದಿದ್ದ ದಾರಿ ಒಂದೇ. ಊರಿನಿಂದ ಬೆನ್ನನ ತಾಯಿ ಬರುತ್ತಿದ್ದರು. ಆಕೆ ಉಳಿದರೆ ಎಲ್ಲವೂ ಸರಿ. ಆದರೆ ಆಕೆ ಹಿಂದಿರುಗುವ ಟಿಕೆಟ್ಟನ್ನು ಕೈಯಲ್ಲಿ ಹಿಡಿದೇ ಹೊರಟಿದ್ದರು. ಫೋನಿನಲ್ಲಿ, “ಬರುತ್ತೇನೆ, ನೋಡುತ್ತೇನೆ, ಆಮೇಲೆ ಹೇಳುತ್ತೇನೆ” ಎಂದಷ್ಟೇ ಹೇಳಿದ್ದರು. ಅತ್ತೆ ಹುಟ್ಟಿದ್ದು ಪಂಪಾಂಗಾ ಎಂಬ ಪ್ರಾಂತ್ಯದಲ್ಲಿ. ಅಡುಗೆಯ ವಿಷಯದಲ್ಲಿ ಅಲ್ಲಿನವರು ಬೇರೆ ಯಾರನ್ನೂ ಅಡುಗೆ ಬಲ್ಲವರೆಂದು ಒಪ್ಪುವುದಿಲ್ಲವಂತೆ.

“ಮೊದಲನೆಯ ಊಟ ಬಾಯಿಗೆ ಹಿಡಿಸಿದರೆ ಅತ್ತೆ ಉಳಿಯುತ್ತಾರೆ ಲೋಲೋ. ಹಿಡಿಸದಿದ್ದರೆ ಹೊರಡುತ್ತಾರೆ. ನಮ್ಮ ಕಡೆ ಎಲ್ಲರೂ ಹೇಳುವ ಮಾತು ಇದು” ಎಂದಳು ರೊಸಾರಿಯೋ. ಜೀವಮಾನವೆಲ್ಲ ‘ಎಲ್ಲರೂ ಹೇಳುವ ಮಾತ’ನ್ನು ಅನುಮಾನಿಸುತ್ತ ಬಂದ ನಾನು ಈ ಒಂದನ್ನು ಮಾತ್ರ, ಅದೇಕೋ, ಪ್ರಶ್ನಿಸದೆ ಒಪ್ಪಿಕೊಂಡೆ. ಅತ್ತೆಯರ ವಿಷಯವಲ್ಲವೇ, ಸಾರ್ವತ್ರಿಕವಿರಬಹುದು ಎನಿಸಿತು.

ಆ ಮೊದಲ ಊಟಕ್ಕೆ ಅವಳು ಮಾಡಲು ಹೊರಟದ್ದು ಅವರ ಹಬ್ಬದ ಅಡುಗೆ. ಹೆಸರು ಕರೆ-ಕರೆ, ಹೆಸರಿಟ್ಟವರಿಗೆ ಸ್ವಲ್ಪ ಕನ್ನಡ ಬರುತ್ತಿತ್ತೇ ಎಂಬುದು ಸಂಶೋಧನೆಗೆ ಯೋಗ್ಯವಾದ ವಿಷಯ. ಎತ್ತಿನ ಬಾಲವನ್ನು ತುಂಡುಮಾಡಿ ಬೇಯಿಸಿ, ಹುರಿದು ಅರೆದ ಶೇಂಗಾ, ಹುರಿದ ಅಕ್ಕಿಯ ಹಿಟ್ಟು, ಕೆಂಪು ಬಣ್ಣ ಬಿಡುವ ಒಂದು ಬೀಜದ ನೀರು ಇವನ್ನು ಸೇರಿಸಿ, ಬಾಳೆಹೂವು, ಬದನೆಕಾಯಿ, ಉದ್ದನೆಯ ಅಲಸಂದೆಕಾಯಿ ಹಾಕಿ ಕುದಿಸುವುದು. ಬಾಲವೊಂದನ್ನು ಕಳೆದರೆ ಉಳಿದದ್ದೆಲ್ಲ ನನ್ನ ತಾಯಿಯ ಅಡುಗೆಮನೆಯಿಂದ ಎದ್ದುಬಂದಂತಿತ್ತು. ಅವಳು ಶೇಂಗಾದ ಬದಲು ಗ್ರೋಸರಿ ಅಂಗಡಿಯ ಪೀನಟ್ ಬಟರಿನ ಸೀಸೆ ತೆಗೆದದ್ದನ್ನು ಗೋಡೆಯಾಚೆಯಿಂದ ಬಂದ ನಾನು ಕಂಡೆ. ಸೀಸೆಯ ಚೀಟಿಯನ್ನು ಓದಿದೆ, ಸಕ್ಕರೆ ಇತ್ತು. ಶೇಂಗಾದ ನಾಡಿನಲ್ಲಿ ಹುಟ್ಟಿ, ಶೇಂಗಾದ ಅನ್ನ ಉಂಡವನು ಅದನ್ನು ನೋಡಿ ಸುಮ್ಮನಿರಲು ಸಾಧ್ಯವೇ? ಕಾಳನ್ನು ತರಿಸಿ, ಸಣ್ಣ ಉರಿಯಲ್ಲಿ ಸಿಪ್ಪೆ ಸಿಡಿಯುವವರೆಗೆ ಹುರಿದು, ತಿಕ್ಕಿ, ತೂರಿ, ಅರೆದುಕೊಟ್ಟೆ. ನನ್ನ ಪಾತ್ರ ಅಲ್ಲಿಗೆ ಮುಗಿಯಬೇಕಾಗಿತ್ತು.

ಅಷ್ಟರಲ್ಲಿ ಗೋಡೆಯ ಫೋನು ಗಣಗಣಿಸಿತು. ವಿಮಾನ ನಿಲ್ದಾಣದಿಂದ ಬೆನ್. ತಾಯಿ ಇಳಿದಿದ್ದಾರೆ; ಆದರೆ ಕಾರು ಹತ್ತುತ್ತಿಲ್ಲ. ಸೊಸೆ ಬಂದು, ಅತ್ತೆಯ ಕೈಯನ್ನು ತನ್ನ ಹಣೆಗೆ ಒತ್ತಿಕೊಂಡು ಆಶೀರ್ವಾದ ಪಡೆದು ಕರೆದೊಯ್ಯುವವರೆಗೆ ಕದಲುವುದಿಲ್ಲವೆಂದು ಪೆಟ್ಟಿಗೆಯ ಮೇಲೆ ಕುಳಿತುಬಿಟ್ಟಿದ್ದಾರೆ. ರೊಸಾರಿಯೋಳ ಮುಖ ಇಳಿಯಿತು. ಒಲೆಯ ಮೇಲೆ ದೊಡ್ಡ ಪಾತ್ರೆ. ಗಾಬರಿಯಲ್ಲಿ ಅವಳು ಬಾಲ ಬೇಯುವ ಮೊದಲೇ ಶೇಂಗಾ ಸುರಿದಿದ್ದಳು. ಒಲೆ ಆರಿಸಿದರೆ ಅತ್ತೆ ಬರುವ ಹೊತ್ತಿಗೆ ಬಾಲ ಬೇಯುವುದಿಲ್ಲ. ಉರಿಸಿ ಹೋದರೆ ಶೇಂಗಾ ತಳ ಹಿಡಿಯುತ್ತದೆ. ತಳ ಹಿಡಿದ ಶೇಂಗಾದ ಸೀದ ವಾಸನೆಯನ್ನು ಏಳು ಕೆರೆಯ ನೀರು ಸುರಿದರೂ ತೊಳೆಯಲಾಗದು. ಇದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಅವಳು ಪಾತ್ರೆಯನ್ನು ನೋಡಿದಳು, ನನ್ನನ್ನು ನೋಡಿದಳು.

“ಲೋಲೋ, ನಿಮ್ಮಲ್ಲಿ ಇದನ್ನು ಕೇಳಬಾರದು.”

“ಕೇಳಬೇಡ. ಸೌಟು ಕೊಡು.”

ಕೂಸನ್ನು ಎತ್ತಿಕೊಂಡು ಬಾಗಿಲಲ್ಲಿ ನಿಂತು ಅವಳು ಹೇಳಿದ ಕೊನೆಯ ಮಾತು ಇದು: “ಬರೀ ಕೆದಕುತ್ತಿರಿ. ಏನೂ ಹಾಕಬೇಡಿ.”

ನಿಲ್ದಾಣ ನಮ್ಮ ಮನೆಗೆ ಎಷ್ಟು ಹತ್ತಿರವೆಂದರೆ ವಿಮಾನಗಳು ನಮ್ಮ ಹೆಂಚಿನ ಮೇಲೆ ಕಾಲಿಟ್ಟು ಇಳಿಯುತ್ತವೆ ಎನಿಸುತ್ತದೆ. ಈಗ ಹೋಗಿ ಈಗ ಬರುತ್ತಾಳೆ ಎಂದುಕೊಂಡೆ. ಒಂದು ವಿಮಾನ ಇಳಿಯಿತು, ಇನ್ನೊಂದು ಇಳಿಯಿತು, ಕಿಟಕಿಯ ಗಾಜು ಗಡಗಡ ಅದುರಿತು, ಅವಳು ಬರಲಿಲ್ಲ. ಪಾತ್ರೆಯೊಳಗಿನದು ಗಟ್ಟಿಯಾಗುತ್ತ ಬಂದು ಸೌಟು ಭಾರವಾಗತೊಡಗಿತು. ಮಂಡಿ ನೋಯುತ್ತಿತ್ತು, ಕೂರಲು ಹೆದರಿಕೆ. ಕುರ್ಚಿಯನ್ನು ಎಳೆದುಕೊಳ್ಳುವಷ್ಟು ಹೊತ್ತು ಕೈ ನಿಂತರೆ ರೊಸಾರಿಯೋಳ ಕೆಲಸವೇ ಸುಟ್ಟುಹೋಗುತ್ತದೆ ಎಂಬ ಲೆಕ್ಕ ತಲೆಯಲ್ಲಿ ನಿಂತುಬಿಟ್ಟಿತ್ತು. ಧರ್ಮಶಾಸ್ತ್ರದ ಪ್ರಶ್ನೆಯೂ ಎದುರಾಗದೆ ಇರಲಿಲ್ಲ. ಆಗೊಮ್ಮೆ ಈಗೊಮ್ಮೆ ಬಾಲದ ತುಂಡೊಂದು ಮೇಲೆದ್ದು ನನ್ನನ್ನು ನೋಡಿ ಮುಳುಗುತ್ತಿತ್ತು. ದೋಷ ನಾಲಿಗೆಗೇ ಹೊರತು ಕೈಗಲ್ಲ. ಉಪಕಾರಕ್ಕೆ ಚಾಚಿದ ಕೈಗಂತೂ ಅಲ್ಲವೇ ಅಲ್ಲ ಎಂದು ನಾನೇ ಪೂರ್ವಪಕ್ಷವಾಗಿ, ನಾನೇ ಸಿದ್ಧಾಂತಿಯಾಗಿ ತೀರ್ಪು ಬರೆದುಕೊಂಡೆ.

ಆಗಲೇ ನನಗೆ ಗೊತ್ತಾದದ್ದು, ಅದರಲ್ಲಿ ಉಪ್ಪಿಲ್ಲ ಎಂದು.

ಹೇಗೆ ಗೊತ್ತಾಯಿತು ಎಂದು ಕೇಳುವವರು ಮಡಿ ಅಡುಗೆಯ ಮನೆಯಲ್ಲಿ ಬೆಳೆದವರಲ್ಲ. ನೈವೇದ್ಯಕ್ಕೆ ಮೊದಲು ರುಚಿ ನೋಡುವ ಹಾಗಿಲ್ಲ. ನನ್ನ ತಾಯಿ ಹಬ್ಬದ ಅಡುಗೆಯನ್ನೆಲ್ಲ ಕುದಿಯುವ ಹಬೆಯನ್ನು ಮೂಸಿ ನೋಡಿಯೇ ಹದ ಮಾಡುತ್ತಿದ್ದಳು. ಉಪ್ಪು ಬಿದ್ದ ಸಾರಿನ ಹಬೆ ಮೂಗಿನಲ್ಲಿ ನಿಲ್ಲುತ್ತದೆ, ಬೀಳದ ಸಾರಿನದು ಜಾರಿಹೋಗುತ್ತದೆ ಎಂದು ನನಗೂ ಕಲಿಸಿದ್ದಳು. ಸೌಟನ್ನು ಮೂಗಿನ ಹತ್ತಿರಕ್ಕೆ ತಂದೆ. ಜಾರಿತು. ಮತ್ತೆ ಮೂಸಿದೆ. ಮತ್ತೆ ಜಾರಿತು. ಕಪಾಟಿನ ಮೇಲಿದ್ದ ಉಪ್ಪಿನ ಡಬ್ಬಿಯನ್ನು ನೋಡಿದೆ. ಬೆಳಗಿನಿಂದ ಅವಳು ಅದನ್ನು ಮುಟ್ಟಿದ್ದು ನನಗೆ ನೆನಪಿಲ್ಲ. ಗಾಬರಿಯಲ್ಲಿ ಶೇಂಗಾವನ್ನು ಮೊದಲೇ ಹಾಕಿದವಳು ಉಪ್ಪನ್ನು ಹಾಕಲೇ ಇಲ್ಲ. ಈ ಸಪ್ಪೆಯನ್ನು ಉಂಡರೆ ಆ ಪಂಪಾಂಗಾದ ಹೆಂಗಸು ಇಂದೇ ವಿಮಾನ ಹತ್ತುತ್ತಾಳೆ.

ನಾನು ಹೀಗೆ ಸೌಟನ್ನು ಮುಖಕ್ಕೆ ಹಿಡಿದು ನಿಂತಿದ್ದಾಗಲೇ ನಮ್ಮ ಬಳಗದ ಕಾರ್ಯದರ್ಶಿ ಮೂರ್ತಿಯವರು ಬಾಗಿಲಲ್ಲಿ ಕಾಣಿಸಿಕೊಂಡರು. ಹಬ್ಬದ ಕೋಸಂಬರಿಗೆ ಎಷ್ಟು ಹೆಸರುಬೇಳೆ ಬೇಕೆಂದು ಕೇಳಲು ಪ್ಲೆಸೆಂಟನ್ನಿನಿಂದ ಬಂದಿದ್ದರು. ಅಪ್ಪ ಪಕ್ಕದ ಮನೆಯಲ್ಲಿದ್ದಾರೆ ಎಂದು ವಿಮಲಾ ಕಳುಹಿಸಿದ್ದಳು.

“ಏನ್ ಚಿದಂಬರಯ್ಯನೋರೇ, ಇಲ್ಲಿ ಏನ್ ನಡೀತಿದೆ?”

“ಕೆದಕುತ್ತಿದ್ದೇನೆ.”

“ಘಮ ಜೋರಾಗಿದೆಯಲ್ಲ. ಏನದು?”

“ಶೇಂಗಾ” ಎಂದೆ. ಅಸತ್ಯವಲ್ಲ.

“ಹೇಗಿದೆ?”

ನನ್ನ ಮನಸ್ಸು ತುಂಬ ಆಗ ಒಂದೇ ಚಿಂತೆ. ಅದೇ ಬಾಯಿಗೆ ಬಂತು. “ಉಪ್ಪು ಕಡಿಮೆ.”

ಮೂರ್ತಿಯವರು ಹತ್ತಿರ ಬಂದು ಬಗ್ಗಿ ನೋಡಿದರು. ಆ ಕ್ಷಣಕ್ಕಾಗಿಯೇ ಕಾದಿತ್ತೋ ಎಂಬಂತೆ ಬಾಲದ ಒಂದು ತುಂಡು ಮೇಲೆದ್ದು, ನಡುವಿನ ಎಲುಬನ್ನು ತೋರಿಸಿ, ನಿಧಾನವಾಗಿ ಮುಳುಗಿತು. ಮೂರ್ತಿಯವರು ನನ್ನನ್ನು ನೋಡಿದ ನೋಟದಲ್ಲಿ ಕೋಪವಿರಲಿಲ್ಲ, ಸಂತಾಪವಿತ್ತು. “ನಾನು ಫೋನ್ ಮಾಡ್ತೀನಿ ಬಿಡಿ” ಎಂದು ಹಿಂದಕ್ಕೆ ಹೆಜ್ಜೆ ಹಾಕುತ್ತ ಹೋದರು. ಹೋದವರನ್ನು ಕರೆದು ವಿವರಿಸಬೇಕೆಂದರೆ ಕೈ ನಿಲ್ಲಿಸುವ ಹಾಗಿಲ್ಲ. ನೀವು ಕೇಳುತ್ತಿರುವ ಕಥೆಯ ಮೂಲ ಇಷ್ಟೇ. ಸೌಟು ಮೂಗಿನ ಬಳಿ ಇತ್ತು. ಅವರು ಅದನ್ನು ಎರಡು ಅಂಗುಲ ಕೆಳಗೆ ಕಂಡರು.

ಮೂರ್ತಿಯವರು ಹೋದ ಮೇಲೆ ನಾನು ಉಪ್ಪಿನ ಡಬ್ಬಿಯನ್ನು ಇಳಿಸಿದೆ. ಏನೂ ಹಾಕಬೇಡಿ ಎಂದಿದ್ದಳಲ್ಲ ಎಂದು ಒಂದು ಕ್ಷಣ ಕೈ ತಡೆಯಿತು. ಆದರೆ ಶಬ್ದವನ್ನು ಹಿಡಿಯಬಾರದು, ಆಶಯವನ್ನು ಹಿಡಿಯಬೇಕು. ಉಪ್ಪು ಹಾಕಿದ್ದೇನೆಂಬ ಭ್ರಮೆಯಲ್ಲಿ ಆಡಿದ ಮಾತು ಅದು ಎಂದು ವ್ಯಾಖ್ಯಾನಿಸಿದೆ. ಮುಷ್ಟಿ ತುಂಬಿ ಹಾಕಿದೆ. ಪಾತ್ರೆ ದೊಡ್ಡದು, ಇನ್ನೊಂದು ಮುಷ್ಟಿ ಹಾಕಿದೆ. ನನ್ನ ಮುಷ್ಟಿ ಚಳ್ಳಕೆರೆಯ ಕಲ್ಲುಪ್ಪಿಗೆ ಪಳಗಿದ ಮುಷ್ಟಿ. ಅಮೆರಿಕದ ಉಪ್ಪು ಮೈದಾಹಿಟ್ಟಿನಂತೆ ನುಣುಪು, ಒಂದು ಮುಷ್ಟಿಯಲ್ಲಿ ಎರಡರಷ್ಟು ಅಡಗಿ ಕೂರುತ್ತದೆ. ಇದು ನನಗೆ ಹೊಳೆದದ್ದು ಮರುದಿನ. ಆಗ ಮೂಸಿದೆ; ಹಬೆ ಮೂಗಿನಲ್ಲಿ ಗಟ್ಟಿಯಾಗಿ ನಿಂತಿತು. ನೆಮ್ಮದಿಯಾಯಿತು.

ಕಾರು ಬಂತು. ಅತ್ತೆ ಒಳಗೆ ಬಂದರು. ಕುಳ್ಳಗೆ, ನೇರವಾಗಿ, ಕೋಟಿನ ಗುಂಡಿಯನ್ನೂ ಬಿಚ್ಚದೆ. ಬೆನ್ ತನ್ನ ತಾಯಿಯನ್ನು ಕೂಸಿನ ಲೆಕ್ಕದಲ್ಲಿ ‘ಲೋಲಾ’, ಅಜ್ಜಿ, ಎಂದು ಪರಿಚಯಿಸಿದ. ನಾನು ಹೊರಟರೆ ರೊಸಾರಿಯೋ, “ಕೂತುಕೊಳ್ಳಿ ಲೋಲೋ, ಶೇಂಗಾ ನಿಮ್ಮದು” ಎಂದು ನನ್ನ ಮುಂದೆ ಬಾಳೆಹಣ್ಣು, ಬರೀ ಅನ್ನ ಇಟ್ಟಳು. ಮೇಜಿನ ಮಧ್ಯಕ್ಕೆ ಪಾತ್ರೆ ಬಂತು. ಅದರ ಪಕ್ಕಕ್ಕೆ, ನಾನು ಅದುವರೆಗೆ ಕಾಣದಿದ್ದ ಒಂದು ಸಣ್ಣ ಬಟ್ಟಲೂ ಬಂತು. ಕಂದುಕೆಂಪಿನ ಏನೋ ಗೊಜ್ಜು.

“ಅದೇನು?” ಎಂದೆ.

“ಸಣ್ಣ ಸಿಗಡಿ, ಲೋಲೋ. ಉಪ್ಪಿನಲ್ಲಿ ತಿಂಗಳುಗಟ್ಟಲೆ ಹುದುಗಿಸಿದ್ದು. ಕರೆ-ಕರೆಗೆ ನಾವು ಉಪ್ಪು ಹಾಕುವುದಿಲ್ಲವಲ್ಲ. ಉಪ್ಪೆಲ್ಲ ಇದರಿಂದಲೇ.”

ನನ್ನ ಕೈಯಲ್ಲಿದ್ದ ಬಾಳೆಹಣ್ಣು ಅಲ್ಲಿಯೇ ನಿಂತಿತು. ಲೋಲಾ ಬಡಿಸಿಕೊಂಡರು. ಆ ಗೊಜ್ಜನ್ನು ಧಾರಾಳವಾಗಿ ಮೇಲೆ ಹಾಕಿಕೊಂಡರು. ಕಲಸಿದರು. ತಡೆಯಲು ನಾನು ಬಾಯಿ ತೆರೆಯುವಷ್ಟರಲ್ಲಿ ಅವರು ಒಂದು ತುತ್ತು ಬಾಯಿಗಿಟ್ಟರು. ಅಗಿಯುವುದು ನಿಂತಿತು. ಮೇಲೆ ಒಂದು ವಿಮಾನ ಹೋಯಿತು. ಲೋಲಾ ನುಂಗಿದರು. ನೀರು ಕುಡಿದರು. ಇನ್ನೊಂದು ಲೋಟ ಕುಡಿದರು. ರೊಸಾರಿಯೋ ತಾನೊಂದು ಚಮಚ ಬಾಯಿಗಿಟ್ಟು, ಕಣ್ಣು ಮುಚ್ಚಿಕೊಂಡು, ಬಹಳ ಸಣ್ಣ ದನಿಯಲ್ಲಿ, “ನನ್ನ ಕೈ ತಪ್ಪಿತು ಅಮ್ಮಾ” ಎಂದಳು.

ಇದನ್ನು ನಾನು ಕೇಳಿಕೊಂಡು ಕುಳಿತಿರಲಾಗಲಿಲ್ಲ. “ಅವಳದಲ್ಲ. ಉಪ್ಪು ಹಾಕಿದವನು ನಾನು” ಎಂದೆ.

ಲೋಲಾ ನನ್ನತ್ತ ತಿರುಗಿದರು. ಶಾಲೆಯಲ್ಲಿ ಕಲಿತ ಸ್ಪಷ್ಟವಾದ ಇಂಗ್ಲಿಷು ಅವರದು. “ರುಚಿ ನೋಡಿದಿರಾ?”

“ಇಲ್ಲ. ನಾನು ಮಾಂಸ ತಿನ್ನುವುದಿಲ್ಲ.”

“ಮತ್ತೆ ಉಪ್ಪಿಲ್ಲವೆಂದು ಹೇಗೆ ತಿಳಿಯಿತು?”

“ಮೂಗಿನಿಂದ.”

“ಮೂಗಿನಿಂದ” ಎಂದು ಅವರು ಮಗನ ಕಡೆಗೆ ಹೇಳಿದರು. ಬೆನ್ ಮೇಜನ್ನು ನೋಡುತ್ತಿದ್ದ. “ಈ ಶೇಂಗಾ ಹುರಿದವರು?” ಎಂದು ಮತ್ತೆ ನನ್ನನ್ನು ಕೇಳಿದರು.

“ಅದೂ ನಾನೇ.”

“ಅದು ಸರಿಯಾಗಿದೆ” ಎಂದರು. ಆಮೇಲೆ ಎದ್ದು, ಕೋಟಿನ ಗುಂಡಿ ಬಿಚ್ಚಿ, ಅದನ್ನು ಕುರ್ಚಿಗೆ ನೇತುಹಾಕಿ, ತೋಳು ಮಡಚಿಕೊಂಡರು. “ಬೇರೆ ಪಾತ್ರೆ ಕೊಡು. ನೀರು ಕಾಯಿಸು. ಇನ್ನಷ್ಟು ಬದನೆಕಾಯಿ ಇದೆಯೋ? ಕೂಸಿದ್ದ ಮನೆಯಲ್ಲಿ ಒಲೆಯನ್ನು ಪಕ್ಕದ ಮನೆಯ ಮೂಗಿಗೆ ಒಪ್ಪಿಸಿ ಹೋಗುತ್ತಾರೆ. ಇಂಥ ಮನೆಯಲ್ಲಿ ನನ್ನ ಮೊಮ್ಮಗುವನ್ನು ಬಿಟ್ಟು ನಾನು ಹೇಗೆ ಹೋಗಲಿ?”

ಅವರು ಹೋಗಲಿಲ್ಲ. ರೊಸಾರಿಯೋ ಕೆಲಸಕ್ಕೆ ಮರಳಿದಳು. ಅಡುಗೆ ಸರಿಯಾಗಿದ್ದಿದ್ದರೆ ಏನು ಮಾಡುತ್ತಿದ್ದಿರಿ ಎಂದು ಮುಂದೊಂದು ದಿನ ನಾನು ಲೋಲಾರನ್ನು ಕೇಳಿದೆ. “ಉಣ್ಣುತ್ತಿದ್ದೆ, ಹರಸುತ್ತಿದ್ದೆ, ಗದ್ದೆ ಕೊಯ್ಲಿಗೆ ಊರಿಗೆ ಹೊರಡುತ್ತಿದ್ದೆ. ಎಲ್ಲವನ್ನೂ ಬಲ್ಲ ಸೊಸೆಗೆ ಅತ್ತೆ ಯಾತಕ್ಕೆ?” ಎಂದರು. ಎಲ್ಲರೂ ಹೇಳುವ ಮಾತಿನ ಹಣೆಬರಹ ಇಷ್ಟೇ ಎಂದು ನನಗೆ ಮತ್ತೊಮ್ಮೆ ಖಚಿತವಾಯಿತು.

ಈ ವಿವರವನ್ನೆಲ್ಲ ನಾನು ಮೂರ್ತಿಯವರ ಮುಂದೆ ಇಟ್ಟಿದ್ದೇನೆ. ನನ್ನ ತರ್ಕ ಸರಳ: ತಿಂದಿದ್ದರೆ ಉಪ್ಪು ಎಷ್ಟಾಯಿತೆಂದು ನನಗೆ ತಿಳಿಯುತ್ತಿತ್ತು; ತಿಳಿದಿದ್ದರೆ ಅಷ್ಟು ಹಾಕುತ್ತಿರಲಿಲ್ಲ; ಅಷ್ಟು ಹಾಕಿದ್ದೇನೆ; ಆದ್ದರಿಂದ ತಿಂದಿಲ್ಲ. ಮೂರ್ತಿಯವರು ತುಂಬ ಹೊತ್ತು ಯೋಚಿಸಿ, “ಆದರೂ ಘ್ರಾಣವೇ ಅರ್ಧ ಭೋಜನ ಅಂತಾರಲ್ಲ ಸ್ವಾಮಿ” ಎಂದರು. ಆ ಲೆಕ್ಕದಲ್ಲಿ ಅರ್ಧ ಕೋಸಂಬರಿಯನ್ನಾದರೂ ನನ್ನ ಕೈಯಿಂದ ಕಲಸಿಸಿ ಎಂದೆ. ಉತ್ತರ ಬಂದಿಲ್ಲ.

ನನ್ನ ಮಾತನ್ನು ನಂಬಬೇಕೆಂದು ನಾನು ಯಾರನ್ನೂ ಕೇಳುವುದಿಲ್ಲ. ಸಾಕ್ಷಿ ಜೀವಂತವಾಗಿದ್ದಾರೆ. ಬಿಸಿಲಿದ್ದ ಮಧ್ಯಾಹ್ನಗಳಲ್ಲಿ ಲೋಲಾ ಮೊಮ್ಮಗುವನ್ನು ಆಡಿಸುತ್ತ ನಮ್ಮ ಮೆಟ್ಟಿಲ ಬಳಿ ಕುಳಿತಿರುತ್ತಾರೆ. ಯಾರು ಬೇಕಾದರೂ ಬಂದು ವಿಚಾರಿಸಬಹುದು. ಈ ಮುದುಕ ಅಂದು ಒಂದು ಅಗುಳನ್ನೂ ಮುಟ್ಟಲಿಲ್ಲ ಎಂದು ಅವರು ಹೇಳುತ್ತಾರೆ. ಅದು ಕಣ್ಣಾರೆ ಕಂಡ ಸಾಕ್ಷ್ಯ, ಬರೆದುಕೊಳ್ಳಿ. ಅದಾದ ಮೇಲೆ, ತಮ್ಮ ಚರ್ಚಿನ ಹೆಂಗಸರಿಗೆಲ್ಲ ಹೇಳುವಂತೆ, ಇನ್ನೊಂದನ್ನೂ ಹೇಳುತ್ತಾರೆ: “ಅಷ್ಟು ಉಪ್ಪನ್ನು ಯಾವ ಮನುಷ್ಯನೂ ತಿಳಿಯದೆ ಹಾಕಲಾರ. ನಾನು ಉಳಿಯಲಿ ಎಂದೇ ಹಾಕಿದರು. ಬಹಳ ದೊಡ್ಡ ಬುದ್ಧಿವಂತರು.” ಇದಕ್ಕೆ ಆಧಾರವೇನೆಂದು ಅವರನ್ನು ಪ್ರಶ್ನಿಸಲು ಹೋಗಬೇಡಿ. ವಯಸ್ಸಾದವರು, ನಾನೂ ಇದುವರೆಗೆ ಪ್ರಶ್ನಿಸಿಲ್ಲ.